ಎರಡು ಫರ್ಲಾಂಗು, ಒಂದು ಗೋಣಿತಾಟು

ಕಳೆದ ಶುಕ್ರವಾರ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಒಬ್ಬರು ಬಂದು ನನ್ನ ಕೈ ಹಿಡಿದು ಕುಲುಕಿದರು.

“ನೀವೇ ಅಲ್ವಾ ಎರಡು ಫರ್ಲಾಂಗ್ ರಾಜಪ್ಪ?”

ಹೌದು ಎಂದೆ. ಅವರು ಬಿಡಲಿಲ್ಲ. ಹೋಟೆಲಿಗೆ ಎಳೆದುಕೊಂಡು ಹೋಗಿ ಎರಡು ವಡೆ, ಒಂದು ಕಾಫಿ ಕೊಡಿಸಿದರು. “ಗೌರಿಬಿದನೂರಿನೋನ ಕೊಬ್ಬು ಇಳಿಸಿಬಿಟ್ರಂತಲ್ಲ! ಹೆಂಗೆ ಬಿಟ್ರಿ ಸಾರ್ ಗಾಡೀನ? ನಮ್ಮ ಕಡೆಯೆಲ್ಲ ಅದೇ ಮಾತು” ಎಂದರು. ನನ್ನನ್ನು ಅದುವರೆಗೆ ಯಾರೂ ಸಾರ್ ಎಂದು ಕರೆದಿರಲಿಲ್ಲ.

ವಡೆ ತಿಂದೆ. ಎರಡನ್ನೂ ತಿಂದೆ. (ತಪ್ಪು ಮಾಡಿದವನಿಗೆ ಅನ್ನ ಸೇರುವುದಿಲ್ಲ ಎಂದು ಯಾರು ಹೇಳಿದರೋ ಕಾಣೆ.) ಬಾಯಿ ಒರೆಸಿಕೊಂಡು ಬಸ್ಸು ಹತ್ತಿ ಕುಳಿತ ಮೇಲೆ ಅನ್ನಿಸಿತು: ಈ ಮನುಷ್ಯನಿಗೆ ಅರ್ಧ ಕಥೆ ಮಾತ್ರ ಗೊತ್ತು. ಉಳಿದರ್ಧ ಗೊತ್ತಿದ್ದರೆ ವಡೆ ಕೊಡಿಸುತ್ತಿದ್ದರೆ?

ಆ ಉಳಿದರ್ಧವನ್ನು ಬರೆಯದೆ ಮೂರು ವಾರದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ. ಒಂದು ವಾರ ಈ ಅಂಕಣದಲ್ಲಿ ಹೋಟೆಲಿನ ನೀರು ಕಾಫಿಯನ್ನು ಬೈದೆ. ಮುಂದಿನ ವಾರ ಬಸ್ ಕಂಡಕ್ಟರುಗಳ ಸಿಡುಕನ್ನು ಬೈದೆ. ಹೋದ ವಾರ ಬೈಯಲು ಯಾರೂ ಸಿಗದೆ ಸೊಳ್ಳೆಗಳನ್ನು ಬೈದೆ. ಚಿಂತಾಮಣಿಯ ಓದುಗರೊಬ್ಬರು ಕಾರ್ಡು ಬರೆದು ಕೇಳಿದ್ದಾರೆ: “ತಮಗೆ ಊರಿನವರೆಲ್ಲರ ತಪ್ಪೂ ಕಾಣುತ್ತದಲ್ಲ, ಸ್ವಾಮಿ, ತಮ್ಮ ಮನೆಯಲ್ಲಿ ಕನ್ನಡಿ ಇಲ್ಲವೆ?”

ಇದೆ. ತಗೊಳ್ಳಿ, ಈ ವಾರ ಅದನ್ನೇ ಹಿಡಿದಿದ್ದೇನೆ.

ಹೊಸ ಓದುಗರಿಗೆ ನನ್ನ ಕೆಲಸ ಹೇಳಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹುಕಾರರೊಬ್ಬರ ಪರವಾಗಿ ಹಳ್ಳಿಗಳನ್ನು ಸುತ್ತಿ, ಯಾರ ಮನೆಯ ಹುಳು ಯಾವಾಗ ಗೂಡು ಕಟ್ಟುತ್ತದೆ ಎಂದು ನೋಡಿಕೊಂಡು ಬರುವುದು. ಅದಕ್ಕಾಗಿ ಅವರು ಒಂದು ಮೋಟಾರ್ ಸೈಕಲ್ ಕೊಟ್ಟಿದ್ದಾರೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಹಸಿರು ಬಣ್ಣ ಹೋಗಿ ತುಕ್ಕಿನ ಬಣ್ಣ ಬಂದಿದೆ. ಅದರ ಸದ್ದು ಕೇಳಿದರೆ ಎಮ್ಮೆಗಳು ಹಗ್ಗ ಕಿತ್ತುಕೊಳ್ಳುತ್ತವೆ.

ಯಾವ ಹಳ್ಳಿಗೆ ಹೋದರೂ ನನ್ನ ಭಾಷಣ ಒಂದೇ. “ಹುಳುಮನೆ ಹತ್ರ ಬೀಡಿ ಸೇದಬೇಡ್ರಪ್ಪ. ಸೀಮೆಎಣ್ಣೆ ಇಡಬೇಡಿ. ಕೈಕಾಲು ತೊಳೀದೆ ಒಳಕ್ಕೆ ಹೋಗಬೇಡಿ. ಹುಳಕ್ಕೆ ವಾಸನೆ ಆಗಲ್ಲ, ಗೊತ್ತಾಯ್ತಾ?” ಗಾಡಿಯನ್ನು ಊರಾಚೆ ನಿಲ್ಲಿಸುತ್ತೇನೆ. ಅವರ ಕಣ್ಣೆದುರಿಗೇ ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಳ್ಳುತ್ತೇನೆ. ಆಮೇಲೆ ಒಳಕ್ಕೆ. ಹಿರಿಯರು ತಲೆದೂಗುತ್ತಾರೆ. ಹುಡುಗ ತಿಳಿದವನು ಎನ್ನುತ್ತಾರೆ.

ಈ ಭಾಷಣವನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಅಷ್ಟಕ್ಕೂ ಆ ಭಾಷಣ ನನ್ನದಲ್ಲ, ನನ್ನ ಅಕ್ಕನದು. ಪಿಳ್ಳಮ್ಮ. ಒಂಬತ್ತು ವರ್ಷದ ಹಿಂದೆ ಗಂಡ ಇನ್ನೊಬ್ಬಳನ್ನು ಮನೆಗೆ ತಂದಾಗ, ಒಂದು ಮಾತೂ ಆಡದೆ ಟ್ರಂಕು ಹೊತ್ತುಕೊಂಡು ತವರಿಗೆ ಬಂದವಳು. ಬಂದ ಮರುದಿನವೇ ಹುಳುಮನೆ ಹೊಕ್ಕಳು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಒಂದು ಬೆಳೆಯೂ ಹೋಗಿರಲಿಲ್ಲ. ಅಪ್ಪ ಹುಳುಮನೆಯ ಬೀಗದ ಕೈಯನ್ನೇ ಅವಳಿಗೆ ಕೊಟ್ಟುಬಿಟ್ಟ. ಅದು ಅವಳ ಸೊಂಟದಲ್ಲಿ ಇರುತ್ತಿತ್ತು, ನಿದ್ದೆಯಲ್ಲೂ.

ಗಂಡನ ಮನೆ ಬಿಟ್ಟು ಬಂದ ಹೆಂಗಸಿಗೆ ಹಳ್ಳಿಯಲ್ಲಿ ಏನೇನು ಹೆಸರಿಡುತ್ತಾರೆಂದು ನಿಮಗೆ ಗೊತ್ತು. ಇವಳಿಗೆ ಇಟ್ಟಿದ್ದು ಒಂದೇ ಹೆಸರು: ಒಳ್ಳೇ ಕೈ ಪಿಳ್ಳಮ್ಮ. ಊರಿನಲ್ಲಿ ಯಾರ ಮನೆಗೆ ರೇಷ್ಮೆ ಮೊಟ್ಟೆ ತಂದರೂ, ಮರಿ ಹೊರಬಿದ್ದ ದಿನ ಮೊದಲ ಸೊಪ್ಪು ಹಾಕಲು ಇವಳನ್ನೇ ಕರೆಯುತ್ತಿದ್ದರು. ಸೊಂಟದ ಬೀಗದ ಕೈ, ಊರಿನವರ ಆ ಕರೆ. ಈ ಲೋಕದಲ್ಲಿ ಅವಳದು ಎಂದು ಇದ್ದದ್ದು ಇವೆರಡೇ.

ಚಿಕ್ಕಂದಿನಲ್ಲಿ ನನಗೆ ಹುಳು ಎತ್ತಲು ಕಲಿಸಿದವಳೂ ಅವಳೇ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು, ಮುಟ್ಟಿದರೆ ಬಿರಿಯುವಂತಿರುತ್ತದೆ. “ಎಳೀಬೇಡ ಕಣೋ ರಾಜಪ್ಪ. ಬೆರಳು ಅದರ ಹತ್ರ ಹೋಗ್ಲಿ, ಸುಮ್ನಿರು. ಅದು ಹಿಡಿತ ಬಿಟ್ಟಿದ್ದು ನಿನಗೇ ಗೊತ್ತಾಗ್ತದೆ. ಆವಾಗ ಎತ್ತು.” ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಸರಿಯಾಗಿ ಕಲಿತ ಪಾಠ ಇದೊಂದೇ.

ಈಗ ಸೀನ ಬರುತ್ತಾನೆ. ಗೌರಿಬಿದನೂರಿನ ಅಕ್ಕಿ ಗಿರಣಿ ಮನೆಯವನು. ಅವನಿಗೆ ಅವರಪ್ಪ ಹೊಸ ಮೋಟಾರ್ ಸೈಕಲ್ ತೆಗೆಸಿಕೊಟ್ಟಿದ್ದಾರೆ. ಅದರ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದು. (ಅವನು ತೆಗೆಯುತ್ತಾನೆ.) ಯಾವುದೋ ಕೆಲಸಕ್ಕೆ ಶಿಡ್ಲಘಟ್ಟಕ್ಕೆ ಬಂದವನು ಹೋಟೆಲಿನ ಮುಂದೆ ನಿಂತಿದ್ದ ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

“ಏಮಪ್ಪಾ, ಇದು ಮೋಟಾರಾ, ಇಲ್ಲಾ ರಾಗಿ ಬೀಸೋ ಮಿಷನ್ನಾ?”

ಹೋಟೆಲಿಗೆ ಹೋಟೆಲೇ ನಕ್ಕಿತು. ಇಡ್ಲಿ ತರುತ್ತಿದ್ದ ಸಪ್ಲಯರೂ ನಕ್ಕ.

“ಬೀಸಿ ತೋರಿಸ್ತೀನಿ ಬಾರಪ್ಪ” ಎಂದುಬಿಟ್ಟೆ.

ಗಂಡಸಿನ ಮರ್ಯಾದೆ ಎಲ್ಲಿರುತ್ತದೆ? ನಮ್ಮ ತಾತನ ಕಾಲದಲ್ಲಿ ಮೀಸೆಯಲ್ಲಿತ್ತು. ಅಪ್ಪನ ಕಾಲದಲ್ಲಿ ಎತ್ತಿನ ಕೊಂಬಿನಲ್ಲಿತ್ತು. ಈಗ ಸೈಲೆನ್ಸರಿನಲ್ಲಿದೆ.

ಪಂದ್ಯ ಏರ್ಪಡಿಸಿದವರು ಮೆಕ್ಯಾನಿಕ್ ಖಾದರ್ ಸಾಬರು. ಯುದ್ಧದ ಕಾಲದಲ್ಲಿ ಯಲಹಂಕದ ಮಿಲಿಟರಿ ಕ್ಯಾಂಪಿನಲ್ಲಿ ಸ್ಪ್ಯಾನರ್ ಹಿಡಿದವರು. ಅಲ್ಲಿ ಬಿಳಿ ಸೋಜರುಗಳು ಹೊತ್ತು ಹೋಗದಿದ್ದಾಗ ಇಂಥ ಪಂದ್ಯ ಆಡುತ್ತಿದ್ದರಂತೆ. ಊರಿಂದೂರಿಗೆ ಓಡಿಸುವುದಲ್ಲ. ಎರಡು ಗಾಡಿ ಪಕ್ಕಪಕ್ಕದಲ್ಲಿ ನಿಲ್ಲಬೇಕು, ನಿಂತ ಜಾಗದಿಂದ ಒಮ್ಮೆಗೇ ಹೊರಡಬೇಕು, ನೇರ ರಸ್ತೆಯಲ್ಲಿ ಕಾಲು ಮೈಲಿ. ಯಾರು ಮೊದಲು ಮುಟ್ಟುತ್ತಾರೋ ಅವರದು. ಇದಕ್ಕೆ ಇಂಗ್ಲಿಷಿನಲ್ಲಿ ಡ್ರ್ಯಾಗ್ ರೇಸ್ ಎನ್ನುತ್ತಾರೆಂದು ನಮ್ಮ ಸಂಪಾದಕರು ಆಮೇಲೆ ಹೇಳಿದರು. ಹೆಸರು ಗೊತ್ತಿಲ್ಲದೆಯೂ ಮನುಷ್ಯ ಎಷ್ಟು ಮೂರ್ಖನಾಗಬಹುದು ನೋಡಿ.

ಕಾಲು ಮೈಲಿ ಎಂದರೆ ಎರಡು ಫರ್ಲಾಂಗು. ಚಿಂತಾಮಣಿ ರಸ್ತೆಯಲ್ಲಿ ಹುಣಸೆ ಮರಗಳ ಸಾಲಿನ ನಡುವೆ ದಾರ ಎಳೆದಂತೆ ನೇರವಾದ ಒಂದು ತುಂಡು ಇದೆ. ಅಲ್ಲಿನ ಒಂದು ಫರ್ಲಾಂಗು ಕಲ್ಲಿನಿಂದ, ನಡುವೆ ಒಂದು ಕಲ್ಲು ಬಿಟ್ಟು, ಅದರಾಚೆಯ ಕಲ್ಲಿಗೆ. ಅಳೆಯುವ ತೊಂದರೆಯೇ ಇಲ್ಲ, ಸರ್ಕಾರವೇ ಅಳೆದು ಕಲ್ಲು ನೆಟ್ಟಿದೆ. (ಈಗ ಕಿಲೋಮೀಟರಿನ ಕಲ್ಲು ನೆಡುತ್ತಿದ್ದಾರೆ. ಪೂರ್ತಿ ನೆಟ್ಟಿದ್ದರೆ ನಾವು ಲೆಕ್ಕ ತಪ್ಪಿ ಪಂದ್ಯವೇ ನಡೆಯುತ್ತಿರಲಿಲ್ಲವೇನೋ.)

ಒಂಬತ್ತು ದಿನ ಬಿಟ್ಟು, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದು ನಿಗದಿಯಾಯಿತು. ಕಲಿಯಲು ನನಗಿದ್ದದ್ದು ಆ ಒಂಬತ್ತು ದಿನ.

ಮೊದಲನೆಯ ದಿನ ಎಂಜಿನ್ ಆರು ಸಲ ನಿಂತಿತು. ಏಳನೆಯ ಸಲ ಗಾಡಿ ಕಪ್ಪೆಯ ಹಾಗೆ ನೆಗೆದು ನನ್ನನ್ನು ಮಾತ್ರ ಅಲ್ಲೇ ಬಿಟ್ಟು ಹೋಯಿತು. ನೋಡಲು ನಿಂತಿದ್ದ ಗಾಡಿಯವರೊಬ್ಬರು ತಮ್ಮ ಎತ್ತುಗಳಿಗೆ “ನೋಡ್ಕಳ್ರಪ್ಪ, ಹಿಂಗೆ ಮಾಡಬಾರ್ದು” ಎಂದು ಬುದ್ಧಿ ಹೇಳಿ ಮುಂದೆ ಹೋದರು. ಎರಡನೆಯ ದಿನ ಹಿಂದಿನ ಚಕ್ರ ನಿಂತಲ್ಲೇ ಸುತ್ತಿ ರಸ್ತೆಯಲ್ಲಿ ಗುಂಡಿ ತೋಡಿತು. ಖಾದರ್ ಸಾಬರು ತಲೆಯ ಟೋಪಿ ತೆಗೆದು ನೆತ್ತಿ ಕೆರೆದುಕೊಂಡರು.

“ರಾಜಪ್ಪ, ನಿಮ್ಮನೇಲಿ ಹುಳ ಸಾಕ್ತೀರಲ್ಲಪ್ಪ?”

“ಹೂಂ, ಯಾಕ್ ಸಾಬ್ರೇ?”

“ಹಣ್ಣುಹುಳ ಹೆಂಗೆ ಎತ್ತುತ್ತೀಯ?”

ಹೇಳಿದೆ.

“ಹಂಗೇ ಬಿಡು ಕ್ಲಚ್ಚು. ಗಾಡಿ ಹಿಡಿಯೋ ಜಾಗ ಒಂದಿರ್ತದೆ. ಅಲ್ಲಿಗೆ ಬರ್ಲಿ ಬೆರಳು, ಸುಮ್ನಿರ್ಲಿ. ಎಂಜಿನ್ನು ಒಂದು ಸಲ ಮೈ ಮುರೀತದೆ. ಆವಾಗ ಬಿಡು. ಮಿಕ್ಕಿದ್ದು ಅದೇ ನೋಡ್ಕೊಳ್ತದೆ.”

ಮೂರನೆಯ ದಿನ ಗಾಡಿ ನೆಗೆಯಲಿಲ್ಲ, ಸುತ್ತಲಿಲ್ಲ, ನಿಲ್ಲಲಿಲ್ಲ. ಬಿಲ್ಲಿನಿಂದ ಬಿಟ್ಟಂತೆ ಹೋಯಿತು. ನನ್ನ ಬೆರಳಿಗೆ ಆ ಪಾಠ ಮೊದಲೇ ಬಂದಿತ್ತು. ಕಲಿಸಿದವಳು ಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದಳು.

ಮಿಕ್ಕ ದಿನಗಳಲ್ಲಿ ಗಾಡಿಯ ತೂಕ ಇಳಿಸಿದೆವು. ಮಡ್‌ಗಾರ್ಡು ಹೋಯಿತು, ಕ್ಯಾರಿಯರ್ ಹೋಯಿತು, ಸೈಲೆನ್ಸರ್ ಹೋಯಿತು. (ಮರ್ಯಾದೆ ಅದರಲ್ಲಿತ್ತು ಎಂದು ಆಗಲೇ ಹೇಳಿದೆನಲ್ಲ, ಬಿಚ್ಚಿ ಮೂಲೆಗೆ ಎಸೆದೆವು.) ಸ್ಪ್ರಿಂಗಿನ ಸೀಟೂ ಹೋಯಿತು. “ಪಂದ್ಯದ ದಿನ ದಪ್ಪಗೆ ಮಡಚಿ ಕೂರೋಕೆ ಮನೆಯಿಂದ ಒಂದು ಗೋಣಿತಾಟು ತಗೊಂಬಾ” ಎಂದರು ಸಾಬರು.

ಆ ಬುಧವಾರ ನಮ್ಮ ಮನೆಯಲ್ಲಿ ಹುಳು ನಾಲ್ಕನೆಯ ಜ್ವರ ಕಳೆದು ಎದ್ದು ಮೂರು ದಿನವಾಗಿತ್ತು. ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದರೆ ಹುಳುವಿಗೆ ಬರುವುದು ಬಕಾಸುರನ ಹಸಿವು. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಇನ್ನು ನಾಲ್ಕೈದು ದಿನ ತಿಂದರೆ ಗೂಡು.

ಅದೇ ದಿನ ಅಕ್ಕ ಹೊರಗಾಗಿದ್ದಳು. ಆ ಮೂರು ದಿನ ಹೆಂಗಸರು ಹುಳುಮನೆಗೆ ಕಾಲಿಡಬಾರದು ಎಂಬುದು ನಮ್ಮ ಕಡೆಯ ಕಟ್ಟು. ಹುಳುಮನೆಗೆ ಹಿತ್ತಿಲ ಕಡೆಗೊಂದು ಬಾಗಿಲಿದೆ. ಅದರಾಚೆಯ ಜಗಲಿಯಲ್ಲಿ ಅವಳು ಕೂತಿದ್ದಳು. ಅಪ್ಪ ಬೆಳಿಗ್ಗೆಯೇ ಸೊಪ್ಪು ಕೊಯ್ದು ತಂದು, ಒಳಗಡೆ ರಾಶಿ ಹಾಕಿ, ಬಾಡದಿರಲೆಂದು ಮೇಲೆ ಒದ್ದೆ ಗೋಣಿತಾಟು ಮುಚ್ಚಿ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಅಂದರೆ ಚಂದ್ರಿಕೆಗಳನ್ನು, ತರಲು ಶಿಡ್ಲಘಟ್ಟಕ್ಕೆ ಹೋಗಿದ್ದ. ಹನ್ನೊಂದು ಗಂಟೆಯ ಸೊಪ್ಪು ಹಾಕುವುದು ನನ್ನ ಪಾಲಿಗೆ.

“ಮರೀಬೇಡ ಕಣಪ್ಪ, ಹನ್ನೊಂದಕ್ಕೆ” ಎಂದಳು ಅಕ್ಕ ಜಗಲಿಯಿಂದ.

“ಹತ್ತೂವರೆಗೇ ಬರ್ತೀನಿ ಬಿಡಕ್ಕ” ಎಂದೆ. ಎಂದು, ಸೊಪ್ಪಿನ ಮೇಲಿನ ಗೋಣಿತಾಟನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಮನೆಯಲ್ಲಿ ಬೇರೆ ಗೋಣಿ ಇರಲಿಲ್ಲವೆ? ಇದ್ದವು. ಅಟ್ಟ ಹತ್ತಬೇಕಿತ್ತು.

ರಸ್ತೆಯಲ್ಲಿ ಜಾತ್ರೆಯಷ್ಟು ಜನ. ಖಾದರ್ ಸಾಬರು ಗುಟ್ಟಾಗಿ ನನ್ನನ್ನು ಮರದ ಹಿಂದಕ್ಕೆ ಕರೆದು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ನುಸಿಗುಳಿಗೆ. ಟ್ರಂಕಿನಲ್ಲಿ ಬಟ್ಟೆಗೆ ಹುಳು ಹತ್ತದಿರಲೆಂದು ಇಡುತ್ತೇವಲ್ಲ, ಆ ಬಿಳಿ ಗುಳಿಗೆ. ಪುಡಿ ಮಾಡಿ ಪೆಟ್ರೋಲಿಗೆ ಹಾಕಿದರೆ ಎಂಜಿನ್ನಿಗೆ ರೋಷ ಬರುತ್ತದೆಂದು ಸೋಜರುಗಳ ನಂಬಿಕೆಯಂತೆ. ಗುಳಿಗೆಗಳನ್ನು ಗೋಣಿತಾಟಿನ ಮೂಲೆಯಲ್ಲಿ ಕಟ್ಟಿ, ಫರ್ಲಾಂಗು ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಜಜ್ಜಿದೆ. ಪುಡಿಯನ್ನು ಟ್ಯಾಂಕಿಗೆ ಸುರಿದೆ. ಅರ್ಧ ಟ್ಯಾಂಕಿಗೆ ಹೋಯಿತು, ಅರ್ಧ ಗೋಣಿಯಲ್ಲೇ ಉಳಿಯಿತು. ಚೆಲ್ಲಿದ ಪೆಟ್ರೋಲನ್ನೂ ಅದರಲ್ಲೇ ಒರೆಸಿ, ಮಡಚಿ, ಮೇಲೆ ಕೂತೆ.

ರೇಷ್ಮೆ ಹುಳುವಿನ ಅನ್ನದ ಮೇಲೆ ಹೊದಿಸುವ ಬಟ್ಟೆಯಲ್ಲಿ ಹುಳು ಸಾಯಿಸುವ ಗುಳಿಗೆ ಕಟ್ಟಿ ಜಜ್ಜಿದವನು ಹಳ್ಳಿ ಹಳ್ಳಿಗೆ ಹೋಗಿ ಭಾಷಣ ಮಾಡುವ ಅದೇ ತಿಳಿದವನು. ಆಗ ತಲೆಗೆ ಹೊಳೆಯಲಿಲ್ಲವೆ? ಇಲ್ಲ ಎಂದರೆ ನಂಬುತ್ತೀರಾ? ತಲೆಯಲ್ಲಿ ಆಗ ಸೀನನ ಕ್ರಾಪು ಒಂದೇ ಇತ್ತು.

ಸಾಬರು ಕೆಂಪು ಟವಲ್ ಎತ್ತಿ ಹಿಡಿದರು. ಪಕ್ಕದಲ್ಲಿ ಸೀನ. “ಬೀಸೋಣವಾ?” ಎಂದ. ನನ್ನ ಎಡಗೈ ಬೆರಳುಗಳು ಗಾಡಿ ಹಿಡಿಯುವ ಜಾಗಕ್ಕೆ ಬಂದು ಸುಮ್ಮನೆ ನಿಂತಿದ್ದವು. ಟವಲ್ ಬಿತ್ತು.

ಸೀನ ಕ್ಲಚ್ಚನ್ನು ಕೈಸುಟ್ಟವನ ಹಾಗೆ ಬಿಟ್ಟ. ಅವನ ಹೊಸ ಗಾಡಿ ಮುಂಗಾಲೆತ್ತಿ, ಅಡ್ಡಕ್ಕೆ ತಿರುಗಿ, ಜನರ ಕಡೆಗೆ ನುಗ್ಗಿತು. ಜನ ಚೆದುರಿದರು. ನನ್ನ ರಾಗಿ ಮಿಷನ್ನು ಒಮ್ಮೆ ಮೈ ಮುರಿದು, ಹೊರಟಿತು. ಎರಡನೇ ಗೇರು, ಮೂರನೇ ಗೇರು. ಹುಣಸೆ ಮರಗಳು ಒಂದರ ಮೇಲೊಂದು ಬಿದ್ದಂತೆ ಹಿಂದಕ್ಕೆ ಹೋದವು. ಸೀನ ಸುಧಾರಿಸಿಕೊಂಡು ಬೆನ್ನು ಹತ್ತಿದ, ಸದ್ದು ಹತ್ತಿರವಾಯಿತು, ಪಕ್ಕಕ್ಕೆ ಬಂತು. ಅಷ್ಟರಲ್ಲಿ ಕಲ್ಲು ದಾಟಿತು. ಒಂದು ಚಕ್ರದಷ್ಟು ನಾನು ಮುಂದಿದ್ದೆ.

ಗೆಲ್ಲುವುದು ಹೇಗೆಂದು ಕಲಿತಿದ್ದೆ, ನಿಲ್ಲಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಇನ್ನೊಂದು ಫರ್ಲಾಂಗು ಹೋಗಿ ಬೇಲಿಗೆ ನುಗ್ಗಿ ನಿಂತೆ. ಜನ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ. ನಕ್ಕಿದ್ದ ಸಪ್ಲಯರ್ ಈಗ ಕೇಳದೆಯೇ ಇಡ್ಲಿ ಇಟ್ಟ. ಕಥೆಯನ್ನು ಮೂರು ಸಲ ಹೇಳಿದೆ, ಮೂರನೆಯ ಸಲಕ್ಕೆ ಸೀನ ಮೂರು ಚಕ್ರದಷ್ಟು ಹಿಂದಿದ್ದ.

ಮನೆಗೆ ಬಂದಾಗ ಹನ್ನೆರಡೂವರೆ.

ಮೇಲಿನ ಸೊಪ್ಪು ಬಾಡಿ ಜೋತುಬಿದ್ದಿತ್ತು. ಗೋಣಿತಾಟಿಗೆ ಒಂದು ಚೊಂಬು ನೀರು ಚಿಮುಕಿಸಿ ಸೊಪ್ಪಿನ ಮೇಲೆ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಸೊಪ್ಪು ಚೇತರಿಸಿಕೊಂಡಿತು. ಹಂಚತೊಡಗಿದೆ.

ಹಿತ್ತಿಲ ಬಾಗಿಲಾಚೆಯಿಂದ ಅಕ್ಕ ಕೇಳಿದಳು. “ಕೈ ತೊಳ್ಕೊಂಡೇನಪ್ಪ?”

“ಹೂಂ” ಎಂದೆ.

ಸುಳ್ಳು. ನನ್ನ ಆಯುಷ್ಯದಲ್ಲಿ ಹೇಳಿದ ಸುಳ್ಳುಗಳಲ್ಲೆಲ್ಲ ಚಿಕ್ಕದು. ಒಂದಕ್ಷರದ್ದು.

ಆ ವಯಸ್ಸಿನ ಹುಳು ಸೊಪ್ಪು ತಿನ್ನುವಾಗ ಮನೆಯೊಳಗೆ ತುಂತುರು ಬಿದ್ದಂತೆ ಸದ್ದಾಗುತ್ತದೆ. ಹುಳು ಸಾಕುವವರು ಆ ಸದ್ದು ಕೇಳಿಯೇ ನೆಮ್ಮದಿಯಾಗುವುದು. ಅವತ್ತು ಸದ್ದು ಇರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು ಕಿವಿಗೊಟ್ಟಿದ್ದಳು.

“ಯಾಕೋ, ಸದ್ದೇ ಇಲ್ಲ?”

“ಹೊಟ್ಟೆ ತುಂಬಿರಬೇಕು ಬಿಡಕ್ಕ.”

ನಾಲ್ಕನೆಯ ಜ್ವರ ಕಳೆದ ಹುಳುವಿಗೆ ಹೊಟ್ಟೆ ತುಂಬುವುದೆಂದರೆ ಏನು? ಅವಳು ಎದ್ದು ಬಂದಳು. ಹೊಸಿಲಾಚೆ ನಿಂತು, ಬಾಗಿಲಿಗೆ ಕೈ ಕೂಡ ಸೋಕಿಸದೆ, ಕತ್ತು ಬಗ್ಗಿಸಿ ಒಳಗಿನ ಸದ್ದಿಗೆ ಕಿವಿಗೊಟ್ಟಳು. ಅಷ್ಟೇ. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ದೊಡ್ಡಮ್ಮ, ನಮ್ಮಪ್ಪನ ಅತ್ತಿಗೆ, ನೀರಿಗೆಂದು ನಮ್ಮ ಹಿತ್ತಿಲಿಗೆ ಬಂದಳು. ನೋಡಿದಳು.

ಸಂಜೆಗೆ ಹುಳುಗಳು ತಲೆ ಎತ್ತಿ ಹಸಿರು ಕಕ್ಕತೊಡಗಿದವು. ಬೆಳಗಾಗುವಷ್ಟರಲ್ಲಿ ತಟ್ಟೆ ತಟ್ಟೆಯೂ ಒದ್ದೆ ಬತ್ತಿಗಳಂತೆ ಮಲಗಿತ್ತು. ಅಪ್ಪ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದ. ಮೂರು ಸಲ ಹೋಗಿ ಬಂದ.

ಮಾತಾಡಿದವಳು ದೊಡ್ಡಮ್ಮ. “ಹೇಳಬಾರ್ದು ಅಂತಿದ್ದೆ ಕಣಪ್ಪ. ನಿನ್ನೆ ನಿನ್ನ ಮಗಳು ಬಾಗಿಲಲ್ಲೇ ನಿಂತಿದ್ಲು. ಒಳಕ್ಕೆ ಬಗ್ಗಿ ನೋಡ್ತಿದ್ಲು. ಆ ನೆರಳು ಬಿದ್ರೆ ಹುಳ ಉಳೀತದಾ?”

“ನಾನು ಹೊಸಿಲು ದಾಟಲಿಲ್ಲ ದೊಡ್ಡಮ್ಮ” ಎಂದಳು ಅಕ್ಕ.

“ನೆರಳು ದಾಟಿಲ್ವೇನೇ?”

ನೋಡಿ, ನಮ್ಮಲ್ಲಿ ಬೆಳೆ ಹೋದರೆ ಕಾರಣ ಹುಡುಕುವುದು ಎಷ್ಟು ಸುಲಭ! ಒಬ್ಬಳು ಹೆಂಗಸು, ಒಂದು ಹೊಸಿಲು, ಸ್ವಲ್ಪ ಬಿಸಿಲು ಇದ್ದರೆ ಸಾಕು. ಯಾರೂ ಸೊಪ್ಪನ್ನು ಮೂಸಲಿಲ್ಲ. ಯಾರೂ ಗೋಣಿಯನ್ನು ಮುಟ್ಟಲಿಲ್ಲ. ನಾನಲ್ಲೇ ನಿಂತಿದ್ದೆ. ಮಾರು ದೂರದಿಂದ ಪೆಟ್ರೋಲು ನಾರುತ್ತಿದ್ದೆ. ಯಾರೂ ನನ್ನ ಕೈ ತೋರಿಸು ಎನ್ನಲಿಲ್ಲ. ಯಾಕೆಂದರೆ ನಾನು ಗಂಡಸು, ಯಾವಾಗಲೂ ಮಡಿ.

ಹುಳುವಿಗೆ ನಮ್ಮ ಶಾಸ್ತ್ರ ಗೊತ್ತಿಲ್ಲ. ವಾಸನೆ ಗೊತ್ತು.

ಅಪ್ಪ ಅಕ್ಕನ ಮುಂದೆ ಕೈ ಚಾಚಿದ. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಒಂಬತ್ತು ವರ್ಷದ ಗಂಟು, ಬಿಚ್ಚಲು ತಡವಾಯಿತು. ಕೈಯಲ್ಲಿ ಕೊಡುವಂತಿರಲಿಲ್ಲ, ಅವಳು ಇನ್ನೂ ಹೊರಗಿದ್ದಳಲ್ಲ. ನೆಲದ ಮೇಲೆ ಇಟ್ಟಳು. ಅಪ್ಪ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು ನನ್ನ ಕಡೆಗೆ ತಿರುಗಿದ.

“ಇನ್ನು ಮೇಲೆ ಹುಳುಮನೆ ನೀನೇ ನೋಡ್ಕೊಳೋ.”

ತೆಗೆದುಕೊ, ರಾಜಪ್ಪ. ಪಂದ್ಯದ ಎರಡನೆಯ ಬಹುಮಾನ.

ತೆಗೆದುಕೊಂಡೆ. ಬಾಯಿ ತೆರೆಯಲು ಎರಡು ಫರ್ಲಾಂಗಿನಷ್ಟೂ ಹೊತ್ತು ಬೇಕಾಗಿರಲಿಲ್ಲ. ತೆರೆಯಲಿಲ್ಲ. ಹೋಟೆಲಿನಲ್ಲಿ ಅದೇ ಕಥೆಯನ್ನು ಮೂರು ಸಲ ಹೇಳಿದ ಬಾಯಿ ಇದು. ಏಕೆ ತೆರೆಯಲಿಲ್ಲವೆಂದು ಆಮೇಲೆ ಬೇಕಾದಷ್ಟು ಯೋಚಿಸಿದ್ದೇನೆ. ಅಪ್ಪನ ಭಯ, ಸಾಹುಕಾರರು ಗಾಡಿ ಕಿತ್ತುಕೊಳ್ಳುತ್ತಾರೆಂಬ ಭಯ, ಎಲ್ಲ ಹೌದು. ಆದರೆ ನಿಜ ಇನ್ನೂ ಸಣ್ಣದು. ಗೆದ್ದು ಒಂದೇ ದಿನವಾಗಿತ್ತು. ಇನ್ನೆರಡು ದಿನ ಗೆದ್ದವನಾಗಿಯೇ ಇರಬೇಕೆನ್ನಿಸಿತು.

ಮೂರು ದಿನ ಕಳೆದು ಅಕ್ಕ ತಲೆಗೆ ನೀರು ಹಾಕಿಕೊಂಡು ಬಂದಳು. ಮೊದಲು ಮಾಡಿದ ಕೆಲಸ, ಮೂಲೆಯಲ್ಲಿ ಬಿದ್ದಿದ್ದ ಗೋಣಿತಾಟನ್ನು ಬಾವಿಕಟ್ಟೆಗೆ ಒಯ್ದು ಬಿಡಿಸಿದ್ದು. ಮೂಲೆಯಲ್ಲಿ ಬಿಳಿ ಪುಡಿ. ಅದನ್ನು ಮೂಗಿಗೆ ಹಿಡಿದಳು. ನಾನು ಹತ್ತಿರದಲ್ಲೇ ಗಾಡಿ ಒರೆಸುತ್ತಿದ್ದೆ. ಓಡಿಹೋಗುವಷ್ಟು ದೂರದಲ್ಲಿರಲಿಲ್ಲ.

ಈಗ ಬೈಯುತ್ತಾಳೆ ಎಂದುಕೊಂಡೆ. ಅಪ್ಪನನ್ನು ಕೂಗುತ್ತಾಳೆ ಎಂದುಕೊಂಡೆ. ಅವಳು ಗೋಣಿಯನ್ನು ಕಲ್ಲಿನ ಮೇಲೆ ಹಾಕಿ, ಸೀಗೆಪುಡಿ ಉದುರಿಸಿ, ತಿಕ್ಕತೊಡಗಿದಳು. ತಲೆ ಎತ್ತದೆ ಕೇಳಿದಳು.

“ಗೆದ್ದೇನೋ?”

“ಹೂಂ” ಎಂದೆ.

ಅದೇ ಒಂದಕ್ಷರ. ಈ ಸಲ ನಿಜ. ನಿಜ ಹೇಳಿ ಅಷ್ಟು ನಾಚಿಕೆಪಟ್ಟದ್ದು ಅದೇ ಮೊದಲು.

ಆಮೇಲೆ ಅವಳು ಆ ಮಾತೆತ್ತಿಲ್ಲ. ಯಾರಿಗೂ ಹೇಳಿಯೂ ಇಲ್ಲ. ಹೇಳಿದ್ದರೆ ನಂಬುತ್ತಿದ್ದರೆ? ತಪ್ಪು ಮುಚ್ಚಿಕೊಳ್ಳಲು ತಮ್ಮನ ಮೇಲೆ ಹಾಕುತ್ತಾಳೆ ಎನ್ನುತ್ತಿದ್ದರು. ಅದೂ ಅವಳಿಗೆ ಗೊತ್ತು. ಹೋದ ವಾರ ನಮ್ಮ ಬೀದಿಯ ಎರಡು ಮನೆಗೆ ಮೊಟ್ಟೆ ಬಂತು. ಮೊದಲ ಸೊಪ್ಪು ಹಾಕಲು ಯಾರೂ ಅವಳನ್ನು ಕರೆಯಲಿಲ್ಲ. ಒಂದು ಮನೆಯವರು ನನ್ನನ್ನು ಕರೆದರು! ಗಂಡು ಕೈ, ದೋಷವಿಲ್ಲ ಎಂದರು. ನಾನು ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ಕೂತಿದ್ದಳು. “ಮೊಟ್ಟೆ ಚೆನ್ನಾಗಿ ಒಡೆದಿದ್ವಾ?” ಎಂದಷ್ಟೇ ಕೇಳಿದಳು.

ಅವತ್ತು ತೀರ್ಮಾನ ಮಾಡಿದೆ. ಅಪ್ಪನ ಎದುರಿಗೆ ನಿಂತು ಹೇಳಬೇಕೆಂದು ಎರಡು ಸಲ ಹೋದೆ. ಎರಡು ಸಲವೂ ಎಂಜಿನ್ ನಿಂತುಹೋಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಹೇಳಲಾಗದವನು ಪೇಪರಿನಲ್ಲಿ ಬರೆಯುವುದು ಧೈರ್ಯವಲ್ಲ ಎಂದು ನನಗೂ ಗೊತ್ತು. ಚಿಂತಾಮಣಿಯವರು ಇನ್ನೊಂದು ಕಾರ್ಡು ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಇದುವರೆಗೆ ಯಾರಿಗೂ ಹೇಳದ ಇನ್ನೊಂದು ವಿಷಯ. ಅಕ್ಕ ಏಳನೇ ಕ್ಲಾಸು ಓದಿದವಳು. ನಾನು ಬರೆದದ್ದನ್ನು ಪ್ರತಿ ವಾರ ಮೊದಲು ಓದಿ, ಬಿಟ್ಟ ಒತ್ತಕ್ಷರಗಳನ್ನು ಹಾಕಿ, ಚಿಕ್ಕಬಳ್ಳಾಪುರದ ಪ್ರೆಸ್ಸಿಗೆ ಕಳಿಸುವವಳು ಅವಳೇ. ಕಾಫಿ, ಕಂಡಕ್ಟರು, ಸೊಳ್ಳೆ, ಮೂರನ್ನೂ ಅವಳೇ ತಿದ್ದಿದಳು. ಮೂರನ್ನೂ ಓದಿ ಸುಮ್ಮನೆ ನನ್ನ ಮುಖ ನೋಡಿ ಮಡಚಿ ಕಳಿಸಿದಳು. ಈ ವಾರದ್ದನ್ನು ಮಾತ್ರ ತೋರಿಸದೆ ಕಳಿಸಿದ್ದೇನೆ. ಇದರಲ್ಲಿರುವ ತಪ್ಪುಗಳೆಲ್ಲ ನನ್ನವೇ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಅಪ್ಪ ಕೂರುತ್ತಾನೆ. ದೊಡ್ಡಮ್ಮ ಎಲೆಯಡಿಕೆ ಚೀಲ ಹಿಡಿದು ಬಂದು ಕಂಬಕ್ಕೆ ಒರಗುತ್ತಾಳೆ. ಇಬ್ಬರಿಗೂ ಓದಲು ಬಾರದು. ಈ ಪೇಪರನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುವವಳು ಅಕ್ಕ. ನಾನು ಗಾಡಿ ಹತ್ತಿ ಯಾವುದಾದರೂ ಹಳ್ಳಿಯ ಕಡೆಗೆ ಹೋಗಿಬಿಡೋಣವೆಂದಿದ್ದೆ. ಬೇಡ. ಈ ಸಲ ಎದುರಿಗೇ ಕೂತಿರುತ್ತೇನೆ.

ಅಕ್ಕ, ನೆರಳಿನ ಮಾತು ಬಂದ ಕಡೆ ನೀನು ಓದು ನಿಲ್ಲಿಸಿರುತ್ತೀಯ. ನಿಲ್ಲಿಸಬೇಡ. ದೊಡ್ಡಮ್ಮನಿಗೆ ಸ್ವಲ್ಪ ಕಿವಿ ಮಂದ, ಇನ್ನೂ ಜೋರಾಗಿ ಓದು. ಪೇಪರಿನ ಮಡಿಕೆಯೊಳಗೆ ನಿನಗೊಂದು ಬೀಗದ ಕೈ ಸಿಕ್ಕಿರಬೇಕು. ಅದನ್ನು ಕೊಡುವ ಹಕ್ಕು ನನಗಿಲ್ಲ, ಕೊಡಬೇಕಾದವನು ನಿನ್ನ ಎದುರಿಗೆ ಕೂತಿದ್ದಾನೆ. ಅವನಿಗೆ ನನ್ನದೊಂದು ಪ್ರಶ್ನೆ ಇದೆ, ಅದನ್ನೂ ಓದಿಬಿಡು.

ಅಪ್ಪ, ಆ ಬುಧವಾರ ಹುಳುಮನೆಯಿಂದ ಹೊರಗಿರಬೇಕಾಗಿದ್ದವರು ಯಾರು?